ಇ.ಸಿ. (ಋಣಭಾರ ಪತ್ರ) ಕ್ಲೀನ್ ಇದೆ ಅಂತ ಮುಂಗಡ ಕೊಡಬೇಡಿ, ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ವಿಚಾರಿಸಿ

ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಹಳೇ ಮನೆ ಹುಡುಕುತ್ತಿರುವವರು ಇದನ್ನು ಮುಂಗಡ ಕೊಡುವ ಮೊದಲೇ ಓದಿ. ಕೊಟ್ಟಾದ ಮೇಲೆ ಓದಿ ಉಪಯೋಗವಿಲ್ಲ. ನಾನು ತಗೊಳ್ಳಲು ಹೊರಟ ಮನೆಯ ಕಾಗದಪತ್ರ ಎಲ್ಲ ಸರಿ ಇತ್ತು. ಮತ್ತೆ ಹೇಳುತ್ತೇನೆ, ಎಲ್ಲ ಕಾಗದವೂ ಸರಿ ಇತ್ತು. ಆದರೂ ಮೋಸವಾಯಿತು.

ನಾನು ಶಿರಸಿ ತಾಲೂಕಿನವನು. ಹೈಸ್ಕೂಲು ಮಾಸ್ತರನಾಗಿ ನಿವೃತ್ತಿಯಾಗಿದ್ದೇನೆ. ಮಗಳನ್ನು ಕುಮಟಾಕ್ಕೆ ಕೊಟ್ಟಿದ್ದೇವೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಇಳಿದು ಮಾಡುವುದು ಈ ವಯಸ್ಸಿಗೆ ಆಗುವ ಕೆಲಸ ಅಲ್ಲ, ಘಟ್ಟದ ಕೆಳಗೇ ಒಂದು ಸಣ್ಣ ಮನೆ ಮಾಡಿಕೊಂಡು ಇದ್ದುಬಿಡೋಣ ಅಂತ ಮನೆಯವಳೂ ನಾನೂ ಅಂದುಕೊಂಡಿದ್ದೆವು. ಕುಮಟಾ ಪೇಟೆಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ ಸಿಕ್ಕಿತು. ಐದು ಗುಂಟೆ ಜಾಗ, ಏಳೆಂಟು ತೆಂಗಿನಮರ, ಸಿಹಿನೀರಿನ ಬಾವಿ. ಕರಾವಳಿಯಲ್ಲಿ ಉಪ್ಪಾಗದ ಬಾವಿ ಸಿಗುವುದು ಎಷ್ಟು ಕಷ್ಟ ಅಂತ ಅಲ್ಲಿಯವರಿಗೆ ಗೊತ್ತು. ಬಾವಿ ನೀರು ಕುಡಿದು ನೋಡಿದ ಕೂಡಲೇ ಮನೆಯವಳು ಇದೇ ಇರಲಿ ಅಂದಳು. 34 ಲಕ್ಷಕ್ಕೆ ಮಾತಾಯಿತು.

ಮಾರುವವರು ಅಣ್ಣ ತಮ್ಮ ಇಬ್ಬರು. ಅಣ್ಣ ಊರಲ್ಲೇ ಇದ್ದಾನೆ, ತಮ್ಮ ಗೋವಾದಲ್ಲಿ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ. ನಡುವೆ ಒಬ್ಬ ಏಜೆಂಟ್.

ನಾನು ಏನೇನು ನೋಡಿದೆ ಅಂತ ಹೇಳಬೇಕು. ಯಾಕೆಂದರೆ ಈಗ ಎಲ್ಲರೂ "ನೋಡಿ ತಗೋಬೇಕಿತ್ತಲ್ಲ ಮಾಸ್ತರ್ರೇ" ಅಂತ ನನಗೇ ಪಾಠ ಹೇಳುತ್ತಾರೆ. ಬಿನ್‌ಶೇತ್ಕಿ ಆದೇಶ, ಅಂದರೆ ಕೃಷಿಯೇತರ ಭೂಪರಿವರ್ತನೆ ಆದೇಶ, ಇತ್ತು. ಪಂಚಾಯ್ತಿಯ ಆನ್‌ಲೈನ್ ಖಾತೆ, ಅಂದರೆ ಇ-ಸ್ವತ್ತು ಫಾರಂ 9 ಮತ್ತು 11ಎ ಇತ್ತು, ಎರಡರಲ್ಲೂ ಅಣ್ಣ ತಮ್ಮಂದಿರ ಹೆಸರು. ತೆರಿಗೆ ಕಟ್ಟಿದ ಪಾವತಿ ಇತ್ತು. ಇ.ಸಿ.ಯನ್ನು ಅವರು ಕೊಟ್ಟದ್ದನ್ನು ನಂಬದೆ ನಾನೇ ತೆಗೆಸಿದೆ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ, ಅದಕ್ಕಿಂತ ಹಿಂದಿನದು ನೋಂದಣಿ ಕಚೇರಿಯಲ್ಲಿ. ಸಾಲ ಇಲ್ಲ, ಅಡಮಾನ ಇಲ್ಲ, ಬೇರೆಯವರಿಗೆ ಬರೆದುಕೊಟ್ಟದ್ದೂ ಇಲ್ಲ. ಪೂರ್ತಿ ಕ್ಲೀನ್.

ವಂಶವೃಕ್ಷವನ್ನೂ ಕೇಳಿದೆ. ತಂದುಕೊಟ್ಟರು. ಛಾಪಾ ಕಾಗದದ ಮೇಲೆ ಟೈಪ್ ಮಾಡಿ, ನೋಟರಿ ಸೀಲು ಹಾಕಿಸಿದ್ದು. ಮೇಲೆ ತಂದೆಯ ಹೆಸರು, ಪಕ್ಕದಲ್ಲಿ ತಾಯಿಯ ಹೆಸರು, ಎರಡಕ್ಕೂ ಆವರಣದಲ್ಲಿ "ಮೃತ". ಕೆಳಗೆ ಎರಡು ಗೆರೆ ಎಳೆದು ಇಬ್ಬರು ಗಂಡುಮಕ್ಕಳು. ಅಷ್ಟೇ. ನಾನು ಬಾಯಿಬಿಟ್ಟು ಕೇಳಿದೆ, "ಹೆಣ್ಣುಮಕ್ಕಳು ಯಾರೂ ಇಲ್ವಾ?" ಅಣ್ಣ ನನ್ನ ಮುಖ ನೋಡಿಕೊಂಡೇ ಹೇಳಿದ, "ಇಲ್ಲ ಮಾಸ್ತರ್ರೇ, ನಾವಿಬ್ಬರೇ." ಏಜೆಂಟ್ ಪಕ್ಕದಲ್ಲೇ ಕೂತಿದ್ದ. ಅವನು ಅದೇ ಊರಿನವನು. ಅವನಿಗೆ ಗೊತ್ತಿಲ್ಲದೆ ಇರುತ್ತದಾ?

ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿಸೋಣ ಅಂದೆ. ಏಜೆಂಟ್ ತಡೆದ. "ಸುಮ್ನೆ ಯಾಕೆ ಊರಿಗೆಲ್ಲ ಡಂಗುರ, ನಾಲ್ಕು ಜನರ ಕಣ್ಣು ಬಿದ್ದರೆ ರೇಟು ಏರ್ತದೆ" ಅಂದ. ಬೇಗ ಬೇಗ ಅಂತ ಒಂದೇ ಸಮನೆ ಫೋನು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಯಿತಲ್ಲ, ಅದನ್ನೇ ಹಿಡಿದುಕೊಂಡು "ತಡ ಮಾಡಿದಷ್ಟೂ ಸರ್ಕಾರದವರು ಏರಿಸ್ತಾರೆ, ಆಗ ನನ್ನನ್ನು ಬಯ್ಯಬೇಡಿ" ಅನ್ನುತ್ತಿದ್ದ. ಮುಂಗಡದಲ್ಲಿ ಅರ್ಧ ನಗದು ಕೊಡಿ ಅಂತ ಬೇರೆ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ ಅಂತ ನನಗೆ ಗೊತ್ತಿತ್ತು. ಮುಂಗಡದ 5 ಲಕ್ಷವನ್ನೂ ಬ್ಯಾಂಕಿನಿಂದಲೇ ಕಳಿಸಿದೆ. ಇವತ್ತು ನನ್ನ ಕೈಯಲ್ಲಿ ಇರುವ ಗಟ್ಟಿ ಆಧಾರ ಅಂದರೆ ಅದೊಂದೇ.

ಕರಾರುಪತ್ರ ಆಯಿತು. ಅದರಲ್ಲಿ ಎಲ್ಲ ಕರಾರಿನಲ್ಲೂ ಇರುವ ಸಾಲು ಇದೆ: "ಸದರಿ ಸ್ವತ್ತಿನ ಮೇಲೆ ಯಾವುದೇ ತಂಟೆ ತಕರಾರು, ಕೋರ್ಟು ವ್ಯಾಜ್ಯ ಇರುವುದಿಲ್ಲ." ಅದರ ಕೆಳಗೆ ಇಬ್ಬರೂ ಸಹಿ ಹಾಕಿದರು.

ಆಮೇಲೆ ಒಂದು ದಿನ ಅಡುಗೆಮನೆಗೆ ಸಿಂಕು ಎಲ್ಲಿ ಕೂರಿಸಬೇಕು, ಏನು ಅಂತ ಅಳತೆ ತಗೊಳ್ಳಲು ನಾನೂ ಮನೆಯವಳೂ ಹೋಗಿದ್ದೆವು. ಪಕ್ಕದ ಮನೆಯ ಅಜ್ಜಿಯೊಬ್ಬರು ಬೇಲಿ ಹತ್ತಿರ ಬಂದು ಮನೆಯವಳನ್ನು ಮಾತಾಡಿಸಿದರು. "ನೀವೇ ಏನೇ ತಂಗೀ ಈ ಮನೆ ತಗೊಳ್ಳೋರು? ಹಂಗಾರೆ ಹೆಣ್ಣುಮಗಳ ಕೇಸು ಮುಗೀತು ಅಂತಾಯ್ತು. ಪಾಪ, ಅವಳಿಗೆ ಏನಾದ್ರೂ ಕೊಟ್ರಾ?"

ಯಾವ ಹೆಣ್ಣುಮಗಳು? ಯಾವ ಕೇಸು?

ಮನೆಯವಳು ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಅಳತೆ ಟೇಪು ಹಾಗೇ ಇತ್ತು. ಅಜ್ಜಿಗೆ ಏನೋ ತಪ್ಪು ಹೇಳಿದೆ ಅನ್ನಿಸಿರಬೇಕು, "ನಂಗೆ ಸರಿ ಗೊತ್ತಿಲ್ಲೆ" ಅಂತ ಒಳಗೆ ಹೋಗಿಬಿಟ್ಟರು. ಅಲ್ಲೇ ಜಗುಲಿಯಲ್ಲಿ ಕೂತು ಅಳಿಯನಿಗೆ ಫೋನು ಮಾಡಿದೆ. ಅವನು ಮೊಬೈಲಿನಲ್ಲೇ ಕೋರ್ಟು ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣ ತೆಗೆದು, ಕುಮಟಾ ಕೋರ್ಟು ಆರಿಸಿ, ಅಣ್ಣನ ಹೆಸರು ಹಾಕಿ ಹುಡುಕಿದ. ಬಂತು. ಪಾಲಿನ ದಾವೆ. ವಾದಿ ತಂಗಿ. ಅಣ್ಣ 1ನೇ ಪ್ರತಿವಾದಿ, ತಮ್ಮ 2ನೇ ಪ್ರತಿವಾದಿ. ಕರಾರಿಗೆ ಸಹಿ ಹಾಕುವ ಎಷ್ಟೋ ಮೊದಲೇ ಹೂಡಿದ ದಾವೆ. ಇಬ್ಬರೂ ವಕೀಲರನ್ನು ಇಟ್ಟುಕೊಂಡು ಕೈಫಿಯತ್ತು (ದಾವೆಗೆ ಲಿಖಿತ ಉತ್ತರ) ಕೂಡ ಕೊಟ್ಟಾಗಿತ್ತು.

ಆ ಕೈಫಿಯತ್ತಿನ ನಕಲು ಆಮೇಲೆ ನಮ್ಮ ವಕೀಲರು ತೆಗೆಸಿದರು. ಅದರಲ್ಲಿ ಏನು ಬರೆದಿದ್ದಾರೆ ಗೊತ್ತಾ? "ವಾದಿಯು ನಮ್ಮ ಸ್ವಂತ ತಂಗಿ ಎಂಬುದು ನಿಜ." ಕೋರ್ಟಿನ ಎದುರು ತಂಗಿ ಇದ್ದಾಳೆ. ನನ್ನ ಎದುರು ಇಲ್ಲ. ಒಂದೇ ಕೈ, ಒಂದೇ ಸಹಿ. ಎರಡು ಕಾಗದವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಕೈ ನಡುಗಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಎದುರು ಕೂತು ಹೀಗೆ ಸುಳ್ಳು ಹೇಳಿದರಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಅಣ್ಣನಿಗೆ ಫೋನು ಮಾಡಿದೆ. ಅವನ ಉತ್ತರಗಳನ್ನು ಇಲ್ಲಿ ಹಾಗೇ ಹಾಕುತ್ತೇನೆ. ಇಂಥವರು ಎಲ್ಲ ಕಡೆಯೂ ಇವೇ ಮಾತು ಆಡುತ್ತಾರೆ, ನಿಮಗೂ ಹೇಳಿಯಾರು.

ಮೊದಲು, "ಮದುವೆಯಾಗಿ ಹೋದವಳು ನಮ್ಮ ಮನೆಯವಳು ಹೇಗೆ ಆಗ್ತಾಳೆ ಮಾಸ್ತರ್ರೇ?" 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬರುವ ಹಕ್ಕು, ತಿದ್ದುಪಡಿ ಆದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸ್ಪಷ್ಟ ಮಾಡಿತು. ಮದುವೆ ಆದರೆ ಹಕ್ಕು ಹೋಗುವುದಿಲ್ಲ.

ಆಮೇಲೆ, "ಇದು ಪಿತ್ರಾರ್ಜಿತ ಅಲ್ಲ, ಅಪ್ಪ ಸ್ವಂತ ದುಡಿದು ಮಾಡಿದ್ದು." ಹಾಗಿದ್ದರೂ ಅಷ್ಟೇ! ಅಪ್ಪ ವಿಲ್ ಬರೆಯದೆ ತೀರಿಕೊಂಡರೆ 1956ರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಾನ ವಾರಸುದಾರರು. ಮೂರು ಮಕ್ಕಳಲ್ಲಿ ಅವಳಿಗೆ ಒಂದು ಪಾಲು ಇದ್ದೇ ಇದೆ.

ಅದಕ್ಕೆ, "ಅಪ್ಪ ವಿಲ್ ಬರೆದಿದ್ದಾರೆ" ಅಂದ. ತೋರಿಸಿ ಅಂದೆ. ಹುಡುಕ್ತೇನೆ ಅಂದ. ಇನ್ನೂ ಹುಡುಕುತ್ತಿದ್ದಾನೆ.

ಅದೂ ಬಿಟ್ಟು, "ತಂಗಿ ಹಕ್ಕು ಬಿಟ್ಟುಕೊಟ್ಟಿದ್ದಾಳೆ, ಮದುವೆಯಲ್ಲಿ ಬಂಗಾರ ಹಾಕಿದ್ದೇವೆ" ಅಂದ. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿರಬೇಕು. ಆಗಿದ್ದರೆ ಇ.ಸಿ.ಯಲ್ಲಿ ಬರಬೇಕಿತ್ತು. ಬಂಗಾರ ಹಾಕಿದ್ದು ಹಕ್ಕು ಬಿಟ್ಟ ಹಾಗೆ ಅಲ್ಲ.

ಕೊನೆಗೆ ಏಜೆಂಟ್ ಫೋನು ತಗೊಂಡು ಹೇಳಿದ ಮಾತು ನನಗೆ ಜಾಸ್ತಿ ಉರಿಸಿತು. "ಕೋರ್ಟು ಸ್ಟೇ ಏನೂ ಕೊಟ್ಟಿಲ್ಲ ಅಲ್ವಾ? ರಿಜಿಸ್ಟ್ರಿ ಆದ್ರೆ ಮುಗೀತು. ಇಲ್ಲಿ ಕೇಸಿಲ್ಲದ ಮನೆ ಒಂದು ತೋರ್ಸಿ ನೋಡುವ." ಅಂದರೆ ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಕಾರವಾರದಲ್ಲಿ ಪರಿಚಯದ ವಕೀಲರೊಬ್ಬರಿದ್ದಾರೆ. ಅವರು ಬಿಡಿಸಿ ಹೇಳಿದ್ದು ಹೀಗೆ. ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ಪತ್ರಗಳು ಮಾತ್ರ. ಕೋರ್ಟಿನಲ್ಲಿ ಪಾಲಿನ ದಾವೆ ನಡೆಯುತ್ತಿದ್ದರೂ ಅದು ಅಲ್ಲಿ ಕಾಣುವುದಿಲ್ಲ. ಪಹಣಿ, ಖಾತೆ ಯಾರ ಹೆಸರಲ್ಲಿದೆ ಅನ್ನುವುದು ತೆರಿಗೆ, ಕಂದಾಯದ ಲೆಕ್ಕಕ್ಕೆ, ಅದರಿಂದ ಮಾಲಕತ್ವ ಹುಟ್ಟುವುದಿಲ್ಲ. ಸಬ್‌ರಿಜಿಸ್ಟ್ರಾರ್ ಸೀಲು ಹೊಡೆದರು ಅಂದರೆ ಮಾರಿದವನಿಗೆ ಪೂರ್ತಿ ಹಕ್ಕಿತ್ತು ಅಂತಲೂ ಅಲ್ಲ. ಎಲ್ಲಕ್ಕಿಂತ ದೊಡ್ಡದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ. ದಾವೆ ನಡೆಯುವಾಗ ಆ ಆಸ್ತಿ ಕೊಂಡವರು ದಾವೆಯ ತೀರ್ಪಿಗೆ ತಲೆಬಾಗಲೇಬೇಕು. ಸ್ಟೇ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. "ನನಗೆ ಕೇಸಿನ ವಿಷಯ ಗೊತ್ತೇ ಇರಲಿಲ್ಲ" ಅಂತ ಅತ್ತರೂ ಕೇಳುವುದಿಲ್ಲ. ನಾನು 34 ಲಕ್ಷ ಪೂರ್ತಿ ಕೊಟ್ಟು, ಗೃಹಪ್ರವೇಶ ಮಾಡಿ, ಇದ್ದುಬಿಟ್ಟಿದ್ದರೆ ನಾಳೆ ಪಾಲು ಅಳೆಯಲು ಬಂದವರಿಗೆ ಬಾಗಿಲು ತೆಗೆಯಬೇಕಿತ್ತು.

ತಂಗಿಯ ಜೊತೆಗೂ ಮಾತಾಡಿದೆ. ಹೊನ್ನಾವರ ಕಡೆಗೆ ಮದುವೆಯಾಗಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. "ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಮಾಸ್ತರ್ರೇ. ಆದ್ರೆ ನೀವು ತಗೊಂಡ್ರೆ ನಿಮ್ಮನ್ನೂ ಕೇಸಿಗೆ ಸೇರಿಸ್ತೆ. ಆ ಬಾವಿ ತೋಡುವಾಗ ಮಣ್ಣು ಹೊತ್ತವಳು ನಾನು" ಅಂದಳು. ವಾರಸಾ ಖಾತೆ ಮಾಡಿಸುವಾಗಲೇ ಅವಳ ಹೆಸರು ಬಿಟ್ಟಿದ್ದರಂತೆ. ಆ ಹುಡುಗಿಗೆ ಆದದ್ದು ನನಗಾದದ್ದಕ್ಕಿಂತ ದೊಡ್ಡ ಅನ್ಯಾಯ. ನನ್ನದು ದುಡ್ಡು. ಅವಳನ್ನು ಹುಟ್ಟಿದ ಮನೆಯ ಪಟ್ಟಿಯಿಂದಲೇ ಅಳಿಸಿದ್ದಾರೆ.

ಇನ್ನು ದುಡ್ಡಿನ ಕಥೆ. ವಾಪಸ್ ಕೇಳಿದ್ದಕ್ಕೆ ಕರಾರಿನ ಒಂದು ಸಾಲು ತೋರಿಸಿದರು. "ಖರೀದಿದಾರರು ಹಿಂದೆ ಸರಿದಲ್ಲಿ ಮುಂಗಡ ಹಣ ಮುಟ್ಟುಗೋಲು." ನಾನು ಹಿಂದೆ ಸರಿದೆನಂತೆ! ಸುಳ್ಳು ವಂಶವೃಕ್ಷ ಕೊಟ್ಟವರು ಅವರು, ಕೇಸು ಮುಚ್ಚಿಟ್ಟವರು ಅವರು, ತಪ್ಪು ಮಾತ್ರ ನನ್ನದು. ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಹಕ್ಕಿನಲ್ಲಿ ಏನಾದರೂ ತೊಡಕಿದ್ದರೆ ಅದನ್ನು ಮಾರುವವನೇ ಮೊದಲು ತಿಳಿಸಬೇಕು. ನಮ್ಮ ವಕೀಲರು ನೋಟಿಸು ಕೊಟ್ಟರು. ಆಗ ಗೋವಾದ ತಮ್ಮ ಒಂದೂವರೆ ಲಕ್ಷ ಕಳಿಸಿದ. ಉಳಿದ ಮೂರೂವರೆಗೆ ಅಣ್ಣ "ತೆಂಗಿನಕಾಯಿ ಮಾರಿ ಕೊಡ್ತೇನೆ" ಅನ್ನುತ್ತಾನೆ. ಏಜೆಂಟ್ ತನ್ನ ಕಮಿಷನ್ನಿನ ಒಂದು ರೂಪಾಯಿಯನ್ನೂ ಬಿಡಲಿಲ್ಲ, ಈಗ ನನ್ನ ಫೋನು ಎತ್ತುವುದಿಲ್ಲ.

ನೆಂಟರಿಗೆಲ್ಲ ಹೇಳಿಯಾಗಿತ್ತು. ಮಾಘದಲ್ಲಿ ಗೃಹಪ್ರವೇಶ ಅಂತ ಪುರೋಹಿತರ ಹತ್ತಿರ ಮುಹೂರ್ತವನ್ನೂ ಕೇಳಿಯಾಗಿತ್ತು. ಈಗ ಮದುವೆ ಮುಂಜಿಗೆ ಹೋದಲ್ಲಿ "ಮನೆ ಎಲ್ಲಿಗೆ ಬಂತು?" ಅಂತ ಕೇಳುತ್ತಾರೆ. ಮನೆಯವಳು ಊಟದ ಪಂಕ್ತಿ ಬಿಟ್ಟು ಎದ್ದು ಬಂದದ್ದೂ ಇದೆ.

ಹಾಗಾಗಿ ಹೇಳುತ್ತೇನೆ, ಕೇಳಿ. ನೋಟರಿ ಮಾಡಿಸಿದ ವಂಶವೃಕ್ಷ ನಂಬಬೇಡಿ, ಅದು ಅವರು ಹೇಳಿದ್ದನ್ನು ಟೈಪ್ ಮಾಡಿದ್ದು ಅಷ್ಟೇ. ನಾಡಕಚೇರಿಯಿಂದ ತರಿಸಿ, ಆದರೂ ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಹೆಣ್ಣುಮಕ್ಕಳ ಬಗ್ಗೆ ವಿಚಾರಿಸಿ. ನಾಲ್ಕು ಅಂದರೆ ನಾಲ್ಕೂ ಮನೆ. ಇ-ಕೋರ್ಟ್ಸಿನಲ್ಲಿ ಮಾರುವವರ ಹೆಸರನ್ನು ಬೇರೆ ಬೇರೆ ಅಕ್ಷರದಲ್ಲಿ ಹಾಕಿ ನೋಡಿ, ತೀರಿಕೊಂಡ ತಂದೆಯ ಹೆಸರನ್ನೂ ಹಾಕಿ ನೋಡಿ. ಪೇಪರಿನಲ್ಲಿ ಪ್ರಕಟಣೆ ಬೇಡ ಅಂದವರ ಹತ್ತಿರ ವ್ಯವಹಾರವೇ ಬೇಡ. ಏಜೆಂಟ್ ಗೊತ್ತುಮಾಡಿದ ವಕೀಲರು ಬೇಡ. ಎಲ್ಲ ಹೆಣ್ಣುಮಕ್ಕಳೂ ಕ್ರಯಪತ್ರಕ್ಕೆ ಸಹಿ ಹಾಕಲು ನೋಂದಣಿ ಕಚೇರಿಗೆ ಬರುತ್ತಾರೆ ಅಂತ ಆಗುವವರೆಗೆ ಐದು ಪೈಸೆ ಕೊಡಬೇಡಿ. ಕರಾರಿನಲ್ಲಿ "ಹಕ್ಕಿನ ತೊಡಕು ಕಂಡುಬಂದಲ್ಲಿ ಮುಂಗಡ ಪೂರ್ತಿ ವಾಪಸ್" ಅಂತ ಬರೆಸಿ.

ಆ ಮನೆ ಮತ್ತೆ ಮಾರಾಟಕ್ಕಿದೆ. ಈಗ ಬೇರೆ ಏಜೆಂಟ್ ಮೂಲಕ ವಾಟ್ಸಾಪಿನಲ್ಲಿ ಫೋಟೋ ಓಡಾಡುತ್ತಿದೆ, ರೇಟು 31ಕ್ಕೆ ಇಳಿಸಿದ್ದಾರೆ. ಕುಮಟಾ ಪೇಟೆಯಿಂದ ಸ್ವಲ್ಪ ಒಳಗೆ, ಐದು ಗುಂಟೆ, ಹೆಂಚಿನ ಮನೆ, ಬಿನ್‌ಶೇತ್ಕಿ ಆದದ್ದು, ಇ.ಸಿ. ಕ್ಲೀನ್ ಅಂತ ನಿಮಗೆ ಬಂದರೆ, ದಾವೆಯ ನಂಬರು ನನ್ನ ಹತ್ತಿರ ಇದೆ, ಕೇಳಿ, ಕೊಡುತ್ತೇನೆ.