ಹೈಸ್ಕೂಲಿಗೆ ಬಾಡಿಗೆ ಕಾನೂನಿನ ಕಿಟ್: ಲಕೋಟೆಗೆ ಶಹಬ್ಬಾಸ್, ಒಂದು ಕಾರ್ಡಿಗೆ ಕತ್ತರಿ

ಬಾಡಿಗೆದಾರರ ಹಕ್ಕು, ಒಕ್ಕಲೆಬ್ಬಿಸುವಿಕೆ ಕುರಿತ ಈ ಕಿಟ್ ಮೂರು ಪೀರಿಯಡ್ಡಿನದು. ಕರಾರುಪತ್ರ, ಆರು ತಿಂಗಳ ರಸೀದಿ, ಮನೆ ಖಾಲಿ ಮಾಡುವ ನೋಟಿಸು, ಕೋರ್ಟಿನ ಸಮನ್ಸು, ಪಾತ್ರಗಳ ಕಾರ್ಡು, ಎಲ್ಲ ಒಂದು ಲಕೋಟೆಯಲ್ಲಿ. ಐದಾರು ಮಕ್ಕಳಿಗೆ ಒಂದು ಲಕೋಟೆ. ಶಿಕ್ಷಕರ ಕೈಪಿಡಿ ಸುಮ್ಮನೆ ಉದ್ದ, ಮೊದಲ ನಾಲ್ಕು ಪುಟ ಓದಿದರೆ ಸಾಕು.

ಲಕೋಟೆಯೇ ಇದರ ಜೀವಾಳ. ಒಂದು ರಸೀದಿಗೆ ಸಹಿಯಿಲ್ಲ, ಇನ್ನೊಂದರಲ್ಲಿ ಯಾವ ತಿಂಗಳ ಬಾಡಿಗೆಯೆಂದು ಬರೆದಿಲ್ಲ. ನೋಟಿಸಿನ ಮೇಲಿರುವ ತಾರೀಖು 3, ಅದು ಬಾಡಿಗೆದಾರನ ಕೈ ಸೇರಿದ್ದು 9ಕ್ಕೆ. ಗಡುವು ಎಣಿಸಿ ಎಂದರೆ ಮಕ್ಕಳು ಕಣ್ಣು ಮುಚ್ಚಿಕೊಂಡು 3ರಿಂದ ಶುರು ಮಾಡುತ್ತಾರೆ. ನೋಟಿಸು ಮುಟ್ಟಿದ್ದು ಯಾವತ್ತು, ಅದಕ್ಕೆ ಪುರಾವೆ ಏನು ಎಂದು ಆಗ ಕೇಳಬೇಕು. ನಿಜವಾದ ಕೇಸುಗಳಲ್ಲೂ ಇಂಥ ತಾರೀಖಿನ ಮೇಲೇ ಜಗ್ಗಾಟ ನಡೆಯುತ್ತದೆ.

ಎರಡನೇ ಪೀರಿಯಡ್ಡು ಇನ್ನೂ ಚೆನ್ನ. ನೋಟಿಸು ಬಂತು ಅಂದರೆ ಮನೆ ಬಿಡಲೇಬೇಕು ಎಂಬ ತಪ್ಪು ತಿಳಿವಳಿಕೆ ದೊಡ್ಡವರಲ್ಲೂ ಇದೆ. ನೋಟಿಸು, ದಾವೆ, ಕೋರ್ಟಿನ ಆದೇಶ, ಆದೇಶದ ಜಾರಿ: ನಾಲ್ಕು ಕಾರ್ಡುಗಳನ್ನು ಕಲೆಸಿ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳುತ್ತಾರೆ. ಜೊತೆಗೆ ಐದನೆಯದೊಂದು: ಮಾಲೀಕ ಬೀಗ ಬದಲಾಯಿಸಿ ನೀರು, ಕರೆಂಟು ಕಡಿದ ಕಾರ್ಡು. ಎಲ್ಲಿಟ್ಟರೂ ಅದು ಕೂರುವುದಿಲ್ಲ. ಕೋರ್ಟಿನ ಆದೇಶವಿಲ್ಲದೆ ಹಾಗೆ ಮಾಡುವುದು ಬಹಳಷ್ಟು ದೇಶಗಳಲ್ಲಿ ಕಾನೂನುಬಾಹಿರ. ಭಾಷಣಕ್ಕಿಂತ ಬೇಗ ಈ ವಿಷಯ ತಲೆಗೆ ಹೋಗುತ್ತದೆ.

ಇನ್ನು ಹುಳುಕುಗಳು. ರಿಪೇರಿ ಮಾಡಿಸದಿದ್ದರೆ ಬಾಡಿಗೆ ನಿಲ್ಲಿಸಿ ಎಂದು ಒಂದು ಕಾರ್ಡು ಸಲೀಸಾಗಿ ಹೇಳುತ್ತದೆ. ಇದು ಅಪಾಯದ ಸಲಹೆ. ಎಷ್ಟೋ ಕಡೆ ನಿಲ್ಲಿಸಿದ ಬಾಡಿಗೆಯೇ ಬಾಕಿಯಾಗಿ, ಒಕ್ಕಲೆಬ್ಬಿಸಲು ಮಾಲೀಕನಿಗೆ ಕಾರಣ ಸಿಕ್ಕಂತಾಗುತ್ತದೆ. ಆ ಕಾರ್ಡು ಕತ್ತರಿಸಿ ಹಾಕಿ. ಅದರ ಬದಲು ರಿಪೇರಿ ಕೇಳುವ ಪತ್ರ ಬರೆಸಿ: ಏನು ಕೆಟ್ಟಿದೆ, ಯಾವಾಗಿನಿಂದ, ಫೋಟೋ, ತಾರೀಖು, ಪತ್ರ ತಲುಪಿದ್ದಕ್ಕೆ ಗುರುತು. ನೋಟಿಸಿನ ಅವಧಿ 30 ದಿನ ಎಂದು ಅಚ್ಚು ಹಾಕಿದ್ದೂ ತಪ್ಪು. ಅದು ಆಯಾ ಜಾಗದ ಕಾನೂನು, ಕರಾರು, ಖಾಲಿ ಮಾಡಿಸುವ ಕಾರಣ ನೋಡಿ ಬದಲಾಗುತ್ತದೆ. ಆ ಸಂಖ್ಯೆ ಹೊಡೆದುಹಾಕಿ, ನಿಮ್ಮಲ್ಲಿ ಜಾರಿಯಲ್ಲಿರುವ ಕಾನೂನು ನೋಡಿ ತುಂಬಿ.

ಕೆಟ್ಟ ಹವಾಮಾನದಲ್ಲಿ, ರಾತ್ರಿ ಹೊತ್ತು ಒಕ್ಕಲೆಬ್ಬಿಸಬಾರದು ಎಂಬ ಒಂದು ಹಾಳೆಯೂ ಇದೆ. ವಿಶ್ವಸಂಸ್ಥೆಯ ಸಮಿತಿಯೊಂದು 1997ರಲ್ಲಿ ಕೊಟ್ಟ ವಿವರಣೆಯದು, ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಕುರಿತ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 11ನೇ ವಿಧಿಯ ಮೇಲೆ. ಕಿಟ್ ಅದನ್ನು ಎಲ್ಲ ಕೋರ್ಟುಗಳಲ್ಲೂ ನಡೆಯುವ ಕಾನೂನಿನಂತೆ ಕೊಟ್ಟಿದೆ. ಹಾಗಲ್ಲವೆಂದು ಬಾಯಿಬಿಟ್ಟು ಹೇಳಿಬಿಡಿ.

‘ನಿಮ್ಮ ಮನೆಯವರಿಗೆ ಹೀಗಾಗಿದೆಯೇ?’ ಎಂಬ ಪ್ರಶ್ನೆಯಿರುವ ವರ್ಕ್‌ಶೀಟನ್ನಂತೂ ಹಂಚಲೇಬೇಡಿ. ತರಗತಿಯಲ್ಲಿ ಯಾರ ಮನೆಗೆ ನಿನ್ನೆ ನೋಟಿಸು ಬಂದಿದೆಯೋ. ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆಂಬ ಚೀಟಿ ಬರೆದು ಎಲ್ಲರಿಗೂ ಕೊಡಿ, ಬೇಕಾದವರು ಇಟ್ಟುಕೊಳ್ಳುತ್ತಾರೆ.

ಮೂರನೇ ಪೀರಿಯಡ್ಡಿನ ಅಣಕು ವಿಚಾರಣೆಯಲ್ಲಿ ಮಾತುಗಾರನಿದ್ದ ಕಡೆಯೇ ಗೆಲ್ಲುತ್ತದೆ. ಲಕೋಟೆಯಲ್ಲಿಲ್ಲದ್ದನ್ನು ನ್ಯಾಯಾಧೀಶರು ಕೇಳುವಂತಿಲ್ಲ ಎಂದು ನಿಯಮ ಮಾಡಿದರೆ ಸರಿಹೋಗುತ್ತದೆ. ಕಿಟ್‌ನಲ್ಲಿಲ್ಲದ ಇನ್ನೊಂದನ್ನು ನೀವೇ ಸೇರಿಸಿ: ಒಂದು ಗುಂಪಿನ ಬಾಡಿಗೆದಾರನನ್ನು ವಾಯಿದೆಯ ದಿನ ಹೊರಗೆ ನಿಲ್ಲಿಸಿ. ಹೆಸರು ಕೂಗುತ್ತಾರೆ, ಯಾರೂ ಬರುವುದಿಲ್ಲ, ಏಕಪಕ್ಷೀಯ ಆದೇಶವಾಗುತ್ತದೆ. ಎರಡು ನಿಮಿಷವೂ ಹಿಡಿಯುವುದಿಲ್ಲ. ಆರಕ್ಕೆ ನಾಲ್ಕು ರಸೀದಿ ಸರಿಯಿದ್ದ ಲಕೋಟೆ ಮೇಜಿನ ಮೇಲೆ ಬಿಚ್ಚದೆ ಉಳಿದಿರುತ್ತದೆ.