ಮುಚ್ಚಳ ಉಬ್ಬಿದ ಜಾರ್‌ಗೆ "ಅದು ನ್ಯಾಚುರಲ್" ಅಂದರೆ ನಂಬಬೇಡಿ

ಆನ್‌ಲೈನ್‌ನಲ್ಲಿ ಜಾರ್ ತರಕಾರಿ ತರಿಸುವವರು ದಯವಿಟ್ಟು ಓದಿ. ನಾನು ತರಿಸಿದ್ದು ವಿನೆಗರ್‌ನಲ್ಲಿ ಹಾಕಿದ ಕ್ಯಾರೆಟ್, ಹೂಕೋಸು, ಬೆಳ್ಳುಳ್ಳಿ. ಮಾರಿದವರ ಹೆಸರು ಹಾಕುವುದಿಲ್ಲ. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ಪಾರ್ಸೆಲ್ ಬಿಚ್ಚಿದಾಗಲೇ ಮುಚ್ಚಳದ ನಡುಭಾಗ ಉಬ್ಬಿತ್ತು. ಬೆರಳಿಟ್ಟು ಒತ್ತಿದರೆ ಟಕ್ ಅಂತ ಒಳಗೆ, ಬಿಟ್ಟರೆ ಟಕ್ ಅಂತ ಮೇಲೆ. ಜಾರ್ ಕುತ್ತಿಗೆಯ ಸುತ್ತ ಅಂಟಂಟು. ಬೆಳಕಿಗೆ ಹಿಡಿದೆ. ನೀರು ಕದಡಿತ್ತು, ಕ್ಯಾರೆಟ್ ತುಂಡುಗಳ ಸಂದಿಯಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು.

ಫೋಟೋ ಕಳಿಸಿ ಕೇಳಿದೆ. "ಭಯ ಬೇಡ ಮೇಡಂ, ಅದು ನ್ಯಾಚುರಲ್ ಫರ್ಮೆಂಟೇಶನ್. ಹೊಟ್ಟೆಗೆ ತುಂಬಾ ಒಳ್ಳೇದು. ಕೆಮಿಕಲ್ ಹಾಕದೇ ಇರೋದು ಹೀಗೇ ಇರುತ್ತೆ." ಅಷ್ಟು ಧೈರ್ಯವಾಗಿ ಹೇಳಿದರು, ನಾನು "ಥ್ಯಾಂಕ್ಸ್" ಅಂತ ಬರೆದೆ. ಥ್ಯಾಂಕ್ಸ್! ಆ ಮೆಸೇಜ್ ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಆಮೇಲೆ ಲೇಬಲ್ ಓದಿದೆ. "ವಿನೆಗರ್‌ನಲ್ಲಿ ಸಂರಕ್ಷಿಸಿದ್ದು, ಪಾಶ್ಚರೀಕರಿಸಿದ್ದು." ಅವರೇ ಅಚ್ಚು ಹಾಕಿಸಿದ್ದು! ಉಪ್ಪುನೀರಿನಲ್ಲಿ ಹುದುಗಿಸಿದ ತರಕಾರಿಯಾಗಿದ್ದರೆ ಗುಳ್ಳೆ, ಕದಡಿದ ನೀರು ಎಲ್ಲ ಸಹಜ, ಒಪ್ಪೋಣ. ಆದರೆ ಬಿಸಿ ಮಾಡಿ ಸೀಲ್ ಹಾಕಿದ ಜಾರ್‌ನಲ್ಲಿ ಹುದುಗಿಸುವ ಬ್ಯಾಕ್ಟೀರಿಯಾ ಬದುಕಿರಲೇಬಾರದು, ಅಲ್ವಾ? ಅಲ್ಲಿ ಗ್ಯಾಸ್ ಬಂದಿದೆ ಅಂದರೆ ಬೇಡದ್ದು ಏನೋ ಬೆಳೆಯುತ್ತಿದೆ.

ಇದನ್ನೇ ಕೇಳಿದ್ದಕ್ಕೆ ರಾಗ ಬದಲಾಯಿತು. "ವಾಸನೆ ಬರ್ತಿದೆಯಾ?" "ಒಂದು ತುಂಡು ಬಾಯಿಗೆ ಹಾಕಿ ನೋಡಿ, ಹುಳಿ ಇದ್ರೆ ಏನೂ ಆಗಲ್ಲ." "ಬೇಕಾದ್ರೆ ಸ್ವಲ್ಪ ಬಿಸಿ ಮಾಡ್ಕೊಳ್ಳಿ."

ಬಾಯಿಗೆ ಹಾಕಿ ನೋಡಬೇಕಂತೆ! ಬಾಟ್ಯುಲಿಸಂ (ನರಗಳ ಶಕ್ತಿ ಕುಂದಿಸಿ ಜೀವಕ್ಕೇ ಕುತ್ತು ತರುವ ಕಾಯಿಲೆ) ತರುವ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ರುಚಿ ನೋಡುವಷ್ಟೇ ಸಾಕು, ಜೀವಕ್ಕೆ ಅಪಾಯ. ಆ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುವುದೇ ಗಾಳಿ ಆಡದ ಜಾಗದಲ್ಲಿ. ಅದರ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪ) ಕುದಿಯುವ ನೀರಿಗೂ ಜಗ್ಗುವುದಿಲ್ಲ. ತಡೆಯುವುದು ಹುಳಿ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ, ವಿನೆಗರ್ ಹಾಕುವುದೇ ಅದಕ್ಕೆ. ವಿನೆಗರ್ ಕಡಿಮೆ ಬಿದ್ದಿದ್ದರೆ, ಅಥವಾ ಬೂಷ್ಟು ಬೆಳೆದು ಹುಳಿಯನ್ನು ತಿಂದುಹಾಕಿದ್ದರೆ, ಮುಗೀತು. ಪಿಎಚ್ ಎಷ್ಟಿದೆ ಅಂತ ನಾಲಿಗೆಗೆ ಗೊತ್ತಾಗುತ್ತಾ?

ಇನ್ನೊಂದು ತಮಾಷೆ ಕೇಳಿ. ಫೋಟೋದಲ್ಲಿ ಬೆಳ್ಳುಳ್ಳಿ ನೀಲಿ-ಹಸಿರು ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಮಾತ್ರ "ಸಾರಿ ಮೇಡಂ" ಅಂದರು! ಹುಳಿಯಲ್ಲಿ ಬೆಳ್ಳುಳ್ಳಿ ಹಾಗಾಗುವುದುಂಟು, ಅದರಿಂದ ತೊಂದರೆಯೇ ಇಲ್ಲ. ತೊಂದರೆ ಇಲ್ಲದ್ದಕ್ಕೆ ಸಾರಿ, ಉಬ್ಬಿದ ಮುಚ್ಚಳಕ್ಕೆ "ನ್ಯಾಚುರಲ್".

ದುಡ್ಡು ವಾಪಸ್ ಕೊಡಿ ಅಂದರೆ "ಓಪನ್ ಮಾಡಿದ ಜಾರ್‌ಗೆ ರೀಫಂಡ್ ಇಲ್ಲ." ಓಪನ್ ಮಾಡಿಲ್ಲ ಅಂದೆ. "ಓಪನ್ ಮಾಡದೇ ಹಾಳಾಗಿದೆ ಅಂತ ಹೆಂಗೆ ಹೇಳ್ತೀರಾ?" ಇದಕ್ಕೆ ಏನು ಹೇಳುವುದು! ಅಲ್ಲಿಗೆ ಉತ್ತರ ಬರುವುದೂ ನಿಂತಿತು.

ಮುಚ್ಚಳ ಉಬ್ಬಿದ್ದರೆ, ಸೋರುತ್ತಿದ್ದರೆ, ತೆಗೆದಾಗ ನೀರು ಚಿಮ್ಮಿದರೆ ಸುಮ್ನೆ ಎಸೆಯಿರಿ. ಮೂಸಬೇಡಿ, ನೆಕ್ಕಬೇಡಿ, ಬೂಷ್ಟು ತೆಗೆದು ಕೆಳಗಿನದು ತಿನ್ನಬೇಡಿ. ಉಬ್ಬಿದ ಮುಚ್ಚಳ ತೆಗೆಯದೆ, ಎಸೆಯುವ ಮೊದಲೇ ವಿಡಿಯೋ ಮಾಡಿಟ್ಟುಕೊಳ್ಳಿ, ಇಂಥವರ ಹತ್ತಿರ ಬೇಕಾಗುತ್ತದೆ. ಸಿಂಕ್‌ಗೆ ಸುರಿಯಬೇಡಿ, ಜಾರ್ ಸಮೇತ ಎರಡು ಕವರ್‌ನಲ್ಲಿ ಕಟ್ಟಿ, ಪ್ರಾಣಿಗಳಿಗೆ ಸಿಗದ ಹಾಗೆ ಕಸಕ್ಕೆ ಹಾಕಿ. ಆಗಲೇ ಯಾರಾದರೂ ತಿಂದಿದ್ದು, ಕಣ್ಣಿಗೆ ಎರಡೆರಡು ಕಾಣುವುದು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟ ಆಗುವುದು ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಎಷ್ಟೋ ದಿನ ಬಿಟ್ಟೂ ಬರಬಹುದು. ಏನು ತಿಂದಿದ್ದು ಅಂತ ಡಾಕ್ಟರಿಗೆ ಮೊದಲೇ ಹೇಳಿ.