ತೊಡೆ, ಬಕೆಟ್ ಸೀಟು, ಐಸೋಫಿಕ್ಸ್: ಮಗಳ ಜೊತೆ ಓಡಾಡಿ ಕಂಡುಕೊಂಡದ್ದು

ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಐಸೋಫಿಕ್ಸ್ ಕೊಂಡಿ (ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರ ಕಾರಿಗೇ ಸಿಕ್ಕಿಸುವ ಕಬ್ಬಿಣದ ಕೊಂಡಿ) ಇದ್ದರೆ, ಅದಕ್ಕೆ ಸಿಕ್ಕಿಸುವ ಮಕ್ಕಳ ಸೀಟನ್ನೇ ಕೊಳ್ಳಿ. ನಾನು ಮೊದಲು 7,000 ರೂಪಾಯಿಯ ಬಕೆಟ್ ಸೀಟು (ಕಾರಿನ ಬೆಲ್ಟಿನಿಂದ ಕಟ್ಟುವ, ಎತ್ತಿಕೊಂಡು ಹೋಗಬಹುದಾದ ಎಳೆಮಕ್ಕಳ ಸೀಟು) ತಂದು, ಐದು ತಿಂಗಳಲ್ಲೇ 19,000 ಕೊಟ್ಟು ಐಸೋಫಿಕ್ಸ್ ಸೀಟು ತಂದೆ. ಮೊದಲೇ ಯಾರಾದರೂ ಹೇಳಿದ್ದರೆ ಒಂದು ಖರ್ಚು ಉಳಿಯುತ್ತಿತ್ತು.

ಬೆಂಗಳೂರಿನಿಂದ ತೀರ್ಥಹಳ್ಳಿಯ ತವರಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಮಗು ಹುಟ್ಟಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ನಿನ್ನನ್ನೂ ನಿನ್ನ ತಂಗಿಯನ್ನೂ ತೊಡೆ ಮೇಲೆ ಕೂರಿಸ್ಕೊಂಡೇ ಧರ್ಮಸ್ಥಳಕ್ಕೆ ಹೋಗಿ ಬಂದಿಲ್ವೇನೇ?" ಹೋಗಿ ಬಂದದ್ದು ನಿಜ. ಆದರೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ, 8 ಕೆ.ಜಿ. ಮಗುವನ್ನು ಹಿಡಿದಿಡಲು 160 ಕೆ.ಜಿ.ಯಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿಕೊಳ್ಳುವುದಂತೂ ಬೇಡವೇ ಬೇಡ, ನಮ್ಮ ಮೈಭಾರವೆಲ್ಲ ಮಗುವಿನ ಮೇಲೇ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡವೂ ಇದೆ.

ಇನ್ನು ಬಕೆಟ್ ಸೀಟು. ಹಗುರ, ಮಲಗಿದ ಮಗುವನ್ನು ಎಬ್ಬಿಸದೆ ಹಾಗೇ ಎತ್ತಿಕೊಂಡು ಒಳಗೆ ಹೋಗಬಹುದು, 13 ಕೆ.ಜಿ.ವರೆಗೆ ಬಳಸಬಹುದು. ನನ್ನನ್ನು ಕಾಡಿದ್ದು ಬೆಲ್ಟು. ಸೊಂಟದ ಪಟ್ಟಿ ಬಕೆಟ್ಟಿನ ಎರಡೂ ಪಕ್ಕದ ನೀಲಿ ಕೊಂಡಿಗಳಲ್ಲಿ ಹಾದು, ಭುಜದ ಪಟ್ಟಿ ಅದರ ಬೆನ್ನು ಬಳಸಿ ಬರಬೇಕು. ನಮ್ಮ ಕಾರಿನಲ್ಲಿ ಬೆಲ್ಟು ಪೂರ್ತಿ ಎಳೆದರೆ ಹೇಗೋ ಸಾಲುತ್ತಿತ್ತು. ಆದರೆ ಬಕಲ್ ಇರುವ ಪಟ್ಟಿ ಉದ್ದ, ಹಾಗಾಗಿ ಬಕಲ್ ಸರಿಯಾಗಿ ಆ ನೀಲಿ ಕೊಂಡಿಯ ಮೇಲೇ ಬಂದು ಕೂರುತ್ತಿತ್ತು. ಮೊಣಕಾಲು ಊರಿ, ಬೆವರು ಸುರಿಸಿ ಎಳೆದಾಗ ಬಿಗಿಯಾದಂತೆಯೇ ಕಾಣುವುದು. ನಿಜವಾಗಿ ಬಕಲ್ ಪ್ಲಾಸ್ಟಿಕ್ಕಿನ ಅಂಚಿಗೆ ಆನಿಕೊಂಡು ನಿಂತಿರುತ್ತಿತ್ತು. ನಾಲ್ಕು ಹಂಪು ದಾಟುವಷ್ಟರಲ್ಲಿ ಅದು ಜರುಗಿ ಬೆಲ್ಟು ಸಡಿಲ.

ಅರಸೀಕೆರೆಯ ಹತ್ತಿರ ಪಕ್ಕದ ದಾರಿಯಿಂದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಏಕಾಏಕಿ ರಸ್ತೆಗೆ ಬಂತು. ನಮ್ಮವರು ಬ್ರೇಕ್ ಒತ್ತಿದರು. ಬಕೆಟ್ಟು ಒಂದು ಗೇಣು ಬಾಗಿಲ ಕಡೆ ವಾಲಿತು, ನಿದ್ದೆಯಲ್ಲಿದ್ದ ಮಗಳ ಗದ್ದ ಎದೆಗೆ ಒತ್ತಿಕೊಂಡಿತು. ಎಳೆಗೂಸಿನ ತಲೆ ಹಾಗೆ ಮುಂದಕ್ಕೆ ಕುಸಿದರೆ ಉಸಿರಿನ ದಾರಿಯೇ ಕಟ್ಟಬಹುದು. ಕೈಕಾಲು ನಡುಗುತ್ತಿತ್ತು, ಅವಳನ್ನು ಎತ್ತಿಕೊಂಡು ಬಹಳ ಹೊತ್ತು ರಸ್ತೆ ಪಕ್ಕ ನಿಂತಿದ್ದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಇನ್ನೂ ಬಿಗಿಯಾಗಿ ಎಳೀರಿ ಮೇಡಂ" ಎಂದರು. ಎಳೆತ ಸಾಲದ್ದು ತೊಂದರೆಯಾಗಿರಲಿಲ್ಲ, ಆ ಸೀಟಿಗೂ ನಮ್ಮ ಕಾರಿಗೂ ಹೊಂದುತ್ತಲೇ ಇರಲಿಲ್ಲ.

ಐಸೋಫಿಕ್ಸಿನಲ್ಲಿ ಈ ಗೋಳಿಲ್ಲ. ಕಾರಿನ ಸೀಟಿನ ಬೆನ್ನೂ ಕೂರುವ ಭಾಗವೂ ಸೇರುವ ಸಂದಿಯಲ್ಲಿ ಬೆರಳಾಡಿಸಿದರೆ ಎರಡು ಕಬ್ಬಿಣದ ಕೊಂಡಿ ಸಿಗುತ್ತವೆ. ಮಕ್ಕಳ ಸೀಟಿನ ಎರಡು ತೋಳು ಅದಕ್ಕೆ ತಳ್ಳಿದರೆ ಟಕ್, ಟಕ್. ಕೆಂಪು ಗುರುತು ಹಸಿರಾಗುತ್ತದೆ. ಮುಂದಿನ ಆಸರೆ ಕಾಲು ನೆಲಕ್ಕೆ ಊರಿದರೆ ಅಲ್ಲೂ ಹಸಿರು. ಬುಡ ಹಿಡಿದು ಅಲುಗಾಡಿಸಿದರೆ ಒಂದು ಇಂಚೂ ಜರುಗುವುದಿಲ್ಲ. ನಮ್ಮದು ಆರ್129 (ಮಕ್ಕಳ ಸೀಟುಗಳ ವಿಶ್ವಸಂಸ್ಥೆಯ ಸುರಕ್ಷತಾ ಮಾನದಂಡ) ಗುರುತಿನದು, ಅದರ ನಿಯಮದಂತೆ ಕನಿಷ್ಠ 15 ತಿಂಗಳವರೆಗೆ ಮಗುವಿನ ಮುಖ ಕಾರಿನ ಹಿಂಬದಿಗೇ ಇರಬೇಕು. ಹಸುಗೂಸಿನ ತಲೆಯೇ ಮೈಯ ಉದ್ದದ ಕಾಲು ಭಾಗ, ಕತ್ತು ಎಳೆಯದು. ಹಿಮ್ಮುಖವಾಗಿದ್ದರೆ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ.

ಕೊರತೆ ಇಲ್ಲದಿಲ್ಲ. ಭಾರ, ಒಂದು ಕಾರಿನಿಂದ ಇನ್ನೊಂದಕ್ಕೆ ಬದಲಿಸಲು ಬೇಸರ. ಮುಂದಿನ ಸೀಟನ್ನು ಬಹಳ ಮುಂದೆ ಸರಿಸಬೇಕು, ಅಲ್ಲಿ ಅಪ್ಪ ಕೂತರೆ ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ.

ಎರಡಕ್ಕೂ ಸೇರಿದ ಮಾತು: ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಎಂದೂ ಇಡಬೇಡಿ. ಮಕ್ಕಳ ಸೀಟಿನಲ್ಲಿ ಮಗುವಿನ ಭುಜಕ್ಕೆ ಹಾಕುವ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕರೆ ಸಡಿಲ ಎಂದರ್ಥ. ಮಲೆನಾಡಿನ ಚಳಿಗೆ ದಪ್ಪ ಸ್ವೆಟರ್ ತೊಡಿಸಿ ಪಟ್ಟಿ ಹಾಕಿದರೂ ಒಳಗೆ ಸಡಿಲವೇ ಉಳಿಯುತ್ತದೆ. ಪಟ್ಟಿ ಬಿಗಿದು, ಮೇಲೆ ಶಾಲು ಹೊದಿಸಿ. ಬಿಸಿಲಲ್ಲಿ ನಿಂತ ಕಾರಿನ ಬಕಲ್ ಕೆಂಡದಂತಿರುತ್ತದೆ, ಮೊದಲು ಮುಟ್ಟಿ ನೋಡಿ.

ಸ್ವಂತ ಕಾರು, ದೂರದ ಪಯಣ ಎಂದರೆ ನನ್ನ ಮತ ಐಸೋಫಿಕ್ಸಿಗೇ. ಕಾರಿನಲ್ಲಿ ಆ ಕೊಂಡಿ ಇಲ್ಲದವರು, ಬಾಡಿಗೆ ಕಾರಲ್ಲೇ ಓಡಾಡುವವರು, ಕೈಯಲ್ಲಿ ಅಷ್ಟು ದುಡ್ಡಿಲ್ಲದವರು ಬಕೆಟ್ಟನ್ನೇ ತೆಗೆದುಕೊಳ್ಳಿ, ಆದರೆ ಕೊಳ್ಳುವ ಮೊದಲು ಕಾರಿನಲ್ಲಿಟ್ಟು ಬೆಲ್ಟು ಹಾಕಿ ನೋಡಿ. ನಮ್ಮದು ಈಗ ತಂಗಿಯ ಮನೆಯಲ್ಲಿದೆ. ಅವಳ ಕಾರಿನಲ್ಲಿ ಬಕಲ್ ಗಿಡ್ಡ, ಸೀಟಿನೊಳಗೇ ಹುದುಗಿದೆ. ಅದೇ ಬಕೆಟ್ಟು ಅಲ್ಲಿ ಕಲ್ಲಿನ ಹಾಗೆ ಕೂತಿತು.